ಹೋಬಳಿಯಿಂದ ಆರಂಭವಾಗಬೇಕಾದ ಪಟ್ಟಿ: ಸೊರಬ ಸೀಮೆಯ ಪ್ರಾಚೀನ ನೆಲೆಗಳ ದಾಖಲಾತಿಗೆ ಒಂದು ಯೋಜನೆ

ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಇತಿಹಾಸದ ಮಾತು ಬಂದಾಗಲೆಲ್ಲ ನಾವು ಹೆಸರಿಸುವುದು ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ, ಬಂದಳಿಕೆಯ ಗುಡಿಗಳು, ಕುಬಟೂರಿನ ಕೈಟಭೇಶ್ವರ, ಹೆಚ್ಚೆಂದರೆ ಇನ್ನು ನಾಲ್ಕಾರು ದೇವಾಲಯಗಳನ್ನು. ಇವುಗಳಿಗೆ ಬೇಲಿಯಿದೆ, ಫಲಕವಿದೆ, ಕಾನೂನಿನ ಬೆಂಬಲವಿದೆ. ಆದರೆ ಈ ಸೀಮೆಯ ಚರಿತ್ರೆಯ ಬಹುಭಾಗ ಉಳಿದಿರುವುದು ಬೇಲಿಯ ಹೊರಗೆ. ಕೆರೆ ಏರಿಯ ಮೇಲೆ ಸಾಲಾಗಿ ನಿಂತ ವೀರಗಲ್ಲುಗಳು, ಅಡಿಕೆ ತೋಟದ ಬದುವಿಗೆ ಒರಗಿದ ಮಾಸ್ತಿಕಲ್ಲುಗಳು (ಸತಿ ಹೋದವರ ನೆನಪಿನ ಕಲ್ಲುಗಳು), ಉದ್ರಿಯಂತಹ ಊರುಗಳ ಜೈನ ನಿಸಿದಿಗಳು (ವ್ರತದಿಂದ ದೇಹಬಿಟ್ಟವರ ಸ್ಮಾರಕಕಲ್ಲುಗಳು), ಕಾನುಗಳ, ಅಂದರೆ ದಟ್ಟ ಹಸಿರು ಕಾಡುಗಳ, ಒಳಗೆ ಮರದ ಬೇರು ಹೊಕ್ಕು ಬಿರಿದಿರುವ ಅಡಿಪಾಯಗಳು, ಉತ್ತ ಹೊಲದಲ್ಲಿ ಮೇಲೆದ್ದು ಬರುವ ಕಪ್ಪು-ಕೆಂಪು ಮಡಕೆಯ ಚೂರುಗಳು, ಇವೆಲ್ಲ ಎಲ್ಲೆಲ್ಲಿವೆ, ಈಗ ಯಾವ ಸ್ಥಿತಿಯಲ್ಲಿವೆ ಎಂದು ಒಂದೆಡೆ ನೋಡಿ ತಿಳಿಯಬಹುದಾದ ಪಟ್ಟಿ ತಾಲ್ಲೂಕು ಮಟ್ಟದ ಯಾವ ಕಚೇರಿಯ ಮೇಜಿನ ಮೇಲೂ ನನಗೆ ಕಂಡಿಲ್ಲ. ಅಂಥದೊಂದು ಪಟ್ಟಿಯನ್ನು ಸಿದ್ಧಪಡಿಸಲು ನಾವು ಕೆಲವರು ಆಸಕ್ತರು ಸೇರಿ ಯೋಜನೆ ಹಾಕುತ್ತಿದ್ದೇವೆ. ಆ ಚರ್ಚೆಗಳಿಂದ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿರುವ ಕೆಲವು ವಿಚಾರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೇಳಬೇಕಾದದ್ದು, ನಾವು ಬರಿಗೈಯಲ್ಲಿ ಹೊರಟಿಲ್ಲ ಎಂಬುದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಸ್ಥಾಪನೆಯಾದದ್ದು 1885ರಲ್ಲಿ. ಅದರ ಮೊದಲ ನಿರ್ದೇಶಕರಾದ ಬಿ.ಎಲ್. ರೈಸ್ ಅವರು 1886ರಿಂದ 1905ರವರೆಗೆ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಸೇರಿವೆ. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಇವೆ. ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ, ಊರಿನ ಹೆಸರು, ಆ ಊರಿನಲ್ಲಿ ಕಲ್ಲು ಇರುವ ಜಾಗ, ಹೀಗೆ ಪ್ರತಿ ಶಾಸನಕ್ಕೂ ಒಂದು ವಿಳಾಸವನ್ನು ಅವರು ಕೊಟ್ಟರು. ಎತ್ತಿನ ಗಾಡಿ ಮತ್ತು ಕಾಲ್ನಡಿಗೆಯ ಕಾಲದಲ್ಲಿ ನಡೆದ ಆ ಕೆಲಸದ ಅಗಾಧತೆಯನ್ನು ನೆನೆದರೆ ಇಂದಿಗೂ ನನಗೆ ಬೆರಗಾಗುತ್ತದೆ. ಆದರೆ ಆ ವಿಳಾಸಗಳು ಕೆರೆ ಏರಿಯ ಮೇಲಿನ ಕಲ್ಲು, ಗುಡಿಯ ಮುಂದಿನ ಕಲ್ಲು, ಇಂಥವರ ಹೊಲದ ಕಲ್ಲು ಎಂಬ ರೂಪದಲ್ಲಿವೆ. ಏರಿ ಒಡೆದು ಹೊಸದಾಗಿದೆ, ಗುಡಿಯ ಮುಂದೆ ಸಮುದಾಯ ಭವನ ಬಂದಿದೆ, ಹೊಲ ಮೂರು ತಲೆಮಾರುಗಳಲ್ಲಿ ಹಿಸ್ಸೆಯಾಗಿದೆ. ಆದ್ದರಿಂದ ನಮ್ಮ ಯೋಜನೆಯ ಮೊದಲ ಹಂತ ಹೊಸದನ್ನು ಹುಡುಕುವುದಲ್ಲ. ಸಂಪುಟದಲ್ಲಿರುವ ಪ್ರತಿಯೊಂದು ಕಲ್ಲು ಈಗ ಎಲ್ಲಿದೆ ಎಂದು ಊರೂರಿಗೆ ಹೋಗಿ ನೋಡುವುದು. ಸಿಕ್ಕರೆ ಸಿಕ್ಕಿತೆಂದೂ, ಸಿಗದಿದ್ದರೆ ಯಾರನ್ನು ಕೇಳಿದೆವು, ಎಲ್ಲೆಲ್ಲಿ ಹುಡುಕಿದೆವು ಎಂಬುದನ್ನೂ ಬರೆಯಬೇಕು. ಇಂಥ ಪಟ್ಟಿಯಲ್ಲಿ ಸಿಗದ ಕಲ್ಲಿಗೂ ಒಂದು ಸಾಲು ಇರಲೇಬೇಕು.

ಇದೇನು ಅತಿಯಾದ ಎಚ್ಚರಿಕೆಯಲ್ಲ. ಭಾರತದ ಲೆಕ್ಕಪರಿಶೋಧಕರು 2013ರ ವರದಿಗಾಗಿ ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿರುವ 1,655 ಸ್ಮಾರಕಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಅವುಗಳಲ್ಲಿ 92 ಪತ್ತೆಯಾಗಲಿಲ್ಲ. ಅವುಗಳ ಪೈಕಿ ಕೆಲವು ಆಮೇಲೆ ದೊರೆತವು. 18 ಸ್ಮಾರಕಗಳನ್ನು ಸಂರಕ್ಷಿತ ಪಟ್ಟಿಯಿಂದಲೇ ಕೈಬಿಡುವ ನಿರ್ಧಾರ 2024ರಲ್ಲಿ ಪ್ರಕಟವಾಯಿತು. ಗೆಜೆಟ್ ಅಧಿಸೂಚನೆಯಿದ್ದ ಸ್ಮಾರಕಗಳ ಗತಿಯೇ ಹೀಗಾದರೆ, ಯಾವ ಕಾಗದದಲ್ಲೂ ಹೆಸರಿಲ್ಲದ ವೀರಗಲ್ಲೊಂದು ಚರಂಡಿಯ ಮೇಲಿನ ಹಾಸುಗಲ್ಲಾಗುವುದನ್ನು ತಡೆಯುವವರು ಯಾರು?

ಇಲ್ಲಿಯೇ ನನ್ನ ಮುಖ್ಯ ವಾದವಿದೆ. ಹಳ್ಳಿಗಳಲ್ಲಿ ಕಲ್ಲುಗಳು ಹಾಳಾಗುವುದು ಬಹುತೇಕ ದ್ವೇಷದಿಂದಲ್ಲ, ಕಾಮಗಾರಿಯಿಂದ. ಕೆರೆಯ ಹೂಳು ತೆಗೆಯುವಾಗ, ರಸ್ತೆ ಅಗಲ ಮಾಡುವಾಗ, ಕುಡಿಯುವ ನೀರಿನ ಪೈಪು ಹೂಳಲು ಜೆಸಿಬಿ ಬಂದಾಗ, ಊರಿನವರೇ ಭಕ್ತಿಯಿಂದ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ಹಳೆಯದು ಹೋಗುತ್ತದೆ. ಈ ಕಾಮಗಾರಿಗಳ ಅಂದಾಜುಪಟ್ಟಿಗೆ ಸಹಿ ಹಾಕುವವರು ಪಂಚಾಯಿತಿಯ ಪಿಡಿಒ, ತಾಲ್ಲೂಕಿನ ಎಂಜಿನಿಯರ್, ತಹಶೀಲ್ದಾರ್. ಅವರು ಜಾಗವನ್ನು ಗುರುತಿಸುವುದು ಗ್ರಾಮದ ಹೆಸರು ಮತ್ತು ಸರ್ವೆ ನಂಬರಿನಿಂದ. ಶಾಸನ ಸಂಪುಟದ ಕ್ರಮಸಂಖ್ಯೆಯಿಂದಲ್ಲ, ರಾಜವಂಶದ ಹೆಸರಿನಿಂದಲೂ ಅಲ್ಲ. ಹೀಗಿರುವಾಗ ಕದಂಬರ ಕಾಲ, ಕಲ್ಯಾಣ ಚಾಲುಕ್ಯರ ಕಾಲ ಎಂದು ವಿಂಗಡಿಸಿದ ಪಟ್ಟಿ ಎಷ್ಟೇ ವಿದ್ವತ್ಪೂರ್ಣವಾಗಿದ್ದರೂ ಆ ಮೇಜಿನ ಮೇಲೆ ಕೆಲಸಕ್ಕೆ ಬಾರದು. ಪಟ್ಟಿಯ ಬೆನ್ನೆಲುಬು ಹೋಬಳಿ, ಗ್ರಾಮ, ಸರ್ವೆ ನಂಬರ್ ಆಗಿರಬೇಕು. ಉಳಿದ ವಿವರಗಳು ಅದಕ್ಕೆ ಜೋಡಣೆಯಾಗಬೇಕು. ಈಗ ಇದು ಕಷ್ಟದ ಕೆಲಸವೂ ಅಲ್ಲ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಕಲ್ಲಿನ ಪಕ್ಕದಲ್ಲಿ ನಿಂತರೆ ನಾವು ಯಾವ ಸರ್ವೆ ನಂಬರಿನಲ್ಲಿದ್ದೇವೆ ಎಂದು ತಿಳಿಯುತ್ತದೆ. ದಟ್ಟವಾದ ಕಾನಿನೊಳಗೆ ಮೊಬೈಲಿನ ಸ್ಥಾನಸೂಚನೆ ಹಲವು ಮೀಟರುಗಳಷ್ಟು ತಪ್ಪಬಹುದಾದ್ದರಿಂದ ಗ್ರಾಮನಕ್ಷೆಯೊಡನೆ ತಾಳೆ ನೋಡುವುದನ್ನು ಮಾತ್ರ ಬಿಡಬಾರದು.

ಕಂದಾಯ ದಾಖಲೆಗಳಿಂದ ಇನ್ನೊಂದು ಲಾಭವೂ ಇದೆ. ಅವುಗಳಲ್ಲಿ ಬೇಚರಾಕ್ ಎಂದು ನಮೂದಾದ, ಅಂದರೆ ಜನವಸತಿಯಿಲ್ಲದ ಗ್ರಾಮಗಳು ಹಲವು. ಒಂದು ಕಾಲದಲ್ಲಿ ಊರಾಗಿದ್ದು ಆಮೇಲೆ ಪಾಳುಬಿದ್ದ ನೆಲೆಗಳನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕೈಮರ ಇಲ್ಲ. ಗ್ರಾಮನಕ್ಷೆಯ ಹಳೆಯ ಕಾಲುದಾರಿಗಳು, ಹಾಳೂರು, ಬಸ್ತಿಗದ್ದೆ, ಮಾಸ್ತಿಕಟ್ಟೆ ಎಂಬಂತಹ ಜಾಗದ ಹೆಸರುಗಳು, ದನ ಕಾಯುವವರ ತಿಳಿವಳಿಕೆ, ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನಡೆದರೆ ಕಾಣದ್ದು ಕಾಣುತ್ತದೆ. ಈ ರೀತಿಯ ಕ್ರಮಬದ್ಧ ನಡಿಗೆಯ ಫಲವೇನೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಅಮೆರಿಕದ ಪುರಾತತ್ವಜ್ಞರಾದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಅವರು 1980ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ಹಂಪೆಯ ನಗರಭಾಗದ ಹೊರಗಿನ ಪ್ರದೇಶದಲ್ಲಿ ಸಮೀಕ್ಷೆ ನಡೆಸಿ ಕೆರೆ, ಕಾಲುವೆ, ರಸ್ತೆ, ವಸತಿ, ಸಣ್ಣ ಗುಡಿ ಎಂದು ನೂರಾರು ನೆಲೆಗಳನ್ನು ದಾಖಲಿಸಿದರು. ಅರಮನೆ ಮತ್ತು ದೊಡ್ಡ ದೇವಾಲಯಗಳನ್ನಷ್ಟೇ ನೋಡಿದ್ದರೆ ಆ ರಾಜಧಾನಿಗೆ ಅನ್ನ ನೀರು ಬಂದ ಬಗೆ ನಮಗೆ ಅಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಇನ್ನು ಒಂದೊಂದು ದಾಖಲೆ ಹೇಗಿರಬೇಕೆಂಬುದು. ವೀರಗಲ್ಲನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಅಥವಾ ಜಿನ, ತುದಿಯಲ್ಲಿ ಸೂರ್ಯಚಂದ್ರರು. ಪಟ್ಟಿಕೆಗಳ ನಡುವಿನ ಅಂಚುಗಳಲ್ಲಿ ಅಕ್ಷರ. ಫೋಟೋ ತೆಗೆಯುವವರು ಸಹಜವಾಗಿಯೇ ಮುಂಭಾಗದ ಒಂದು ಚಿತ್ರ ತೆಗೆದು ಮುಂದೆ ಸಾಗುತ್ತಾರೆ. ಅದು ಸಾಲದು. ನಾಲ್ಕೂ ಬದಿ, ಬುಡ ನೆಲಕ್ಕೆ ಸೇರುವ ಜಾಗ, ಹತ್ತು ಹೆಜ್ಜೆ ಹಿಂದೆ ಸರಿದು ಸುತ್ತಲಿನ ಪರಿಸರ, ಇಷ್ಟೂ ಬೇಕು, ಅಳತೆಪಟ್ಟಿಯೊಂದಿಗೆ. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ, ಇಲ್ಲವೇ ಟಾರ್ಚನ್ನು ಪಕ್ಕದಿಂದ ಹಿಡಿದಾಗ, ಗೀರುಗಳ ನೆರಳು ಎದ್ದು ಸಾಲುಗಳು ಮೂಡುತ್ತವೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಬಳಿಯುವುದು, ತಂತಿಯ ಬ್ರಷ್ಷಿನಿಂದ ಉಜ್ಜುವುದು, ಪಾಚಿಗೆ ಆ್ಯಸಿಡ್ ಹಾಕುವುದು ಇವು ಮೂರನ್ನೂ ನಮ್ಮ ಕೈಪಿಡಿಯ ಮೊದಲ ಪುಟದಲ್ಲಿಯೇ ನಿಷೇಧಿಸಿದ್ದೇವೆ. ಪಡಿಯಚ್ಚು, ಅಂದರೆ ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ ಅಕ್ಷರಗಳ ಪ್ರತಿ, ತೆಗೆಯುವುದು ತರಬೇತಿ ಪಡೆದವರ ಕೆಲಸ; ನಮ್ಮ ಸ್ವಯಂಸೇವಕರು ಅದಕ್ಕೆ ಕೈಹಾಕುವುದಿಲ್ಲ.

ಅಳತೆ ಮತ್ತು ಚಿತ್ರದ ನಂತರ ಸ್ಥಿತಿಯ ವಿವರ. ನಿಂತಿದೆಯೋ ವಾಲಿದೆಯೋ, ಬಿರುಕಿದೆಯೋ, ಎಣ್ಣೆ ಅಥವಾ ಬಣ್ಣ ಬಳಿದಿದ್ದಾರೋ, ಬುಡಕ್ಕೆ ಸಿಮೆಂಟು ಹಾಕಿದ್ದಾರೋ, ಪೂಜೆಯಿದೆಯೋ. ಮಹತ್ವದ ಅಂಕ ಕೊಡುವ ಕಲಮನ್ನು ಈ ಹಂತದಲ್ಲಿ ಸೇರಿಸಬಾರದೆಂದು ನಾನು ಪಟ್ಟುಹಿಡಿದಿದ್ದೇನೆ. ಮಹತ್ವವನ್ನು ನಿರ್ಣಯಿಸಲು ಓದು ಬೇಕು, ಸಮಯ ಬೇಕು; ಅಪಾಯವನ್ನು ಗುರುತಿಸಲು ಕಣ್ಣು ಸಾಕು. ಕಲೆಯ ದೃಷ್ಟಿಯಿಂದ ಸಾಧಾರಣವಾದರೂ ಮುಂದಿನ ತಿಂಗಳು ರಸ್ತೆಗೆ ಬಲಿಯಾಗಲಿರುವ ಕಲ್ಲಿಗೆ, ಗುಡಿಯೊಳಗೆ ಸುರಕ್ಷಿತವಾಗಿರುವ ಸುಂದರ ಶಿಲ್ಪಕ್ಕಿಂತ ಮೊದಲು ಗಮನ ಸಿಗಬೇಕು. ಅದಲ್ಲದೆ ನಮ್ಮ ತಿಳಿವಳಿಕೆಯೂ ಬದಲಾಗುತ್ತಿರುತ್ತದೆ. ತಾಳಗುಂದ ನೂರು ವರ್ಷಗಳಿಂದ ವಿದ್ವಾಂಸರು ಓಡಾಡಿದ ಜಾಗ. ಅಲ್ಲಿಯೇ 2013ರ ಉತ್ಖನನದಲ್ಲಿ ಸಿಂಹಕಟಾಂಜನದ (ಮೆಟ್ಟಿಲ ಪಕ್ಕದ ಸಿಂಹರೂಪದ ಕೈಪಿಡಿಗಲ್ಲಿನ) ಮೇಲಿನ ಶಾಸನ ದೊರೆತು, ಅದು ಕ್ರಿ.ಶ. 370ರ ಸುಮಾರಿನದೆಂದು ಪುರಾತತ್ವ ಸರ್ವೇಕ್ಷಣ ಇಲಾಖೆ ಹೇಳಿದ ಮೇಲೆ ಕನ್ನಡ ಶಾಸನಗಳ ಆರಂಭದ ಚರ್ಚೆಯೇ ಹೊಸ ತಿರುವು ಪಡೆಯಿತು.

ರೈತರ ಆತಂಕವನ್ನು ಹಗುರವಾಗಿ ಕಾಣಬಾರದು. ಹೊಲದಲ್ಲಿರುವ ಕಲ್ಲನ್ನು ಬರೆದುಕೊಂಡು ಹೋದರೆ ನಾಳೆ ಜಮೀನೇ ಹೋಗುತ್ತದೆ ಎಂಬ ಭಯ ಎಲ್ಲ ಕಡೆಯೂ ಇದೆ, ಮತ್ತು ಆ ಭಯವೇ ಕೆಲವೊಮ್ಮೆ ಕಲ್ಲನ್ನು ರಾತ್ರೋರಾತ್ರಿ ಸರಿಸುವಂತೆ ಮಾಡುತ್ತದೆ. ಕೇಂದ್ರದ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆ 200 ಮೀಟರು ನಿಯಂತ್ರಿತ ವಲಯ. ಆದರೆ ಆ ನಿರ್ಬಂಧ ಹುಟ್ಟುವುದು ಸ್ಮಾರಕವನ್ನು ಕಾಯ್ದೆಯಡಿ ಸಂರಕ್ಷಿತವೆಂದು ಘೋಷಿಸಿದಾಗ. ನಮ್ಮ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರ ಪಹಣಿಯೂ ಬದಲಾಗುವುದಿಲ್ಲ. ಇದನ್ನು ಮನೆಯ ಜಗುಲಿಯಲ್ಲಿ ಕುಳಿತು, ಮೊದಲೇ, ತಿಳಿಯುವಂತೆ ಹೇಳಬೇಕು. ಒಪ್ಪಿಗೆ ಸಿಗದಿದ್ದರೆ ಹೊಲಕ್ಕೆ ಕಾಲಿಡಬಾರದು.

ನಿಧಿಗಳ್ಳರ ವಿಷಯದಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿತ್ತು. ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕು ಎಂಬ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ಲಿಂಗದ ಪೀಠದಡಿ ಅಗೆದುಹಾಕಿದ ಹಾಳುಗುಡಿಗಳನ್ನು ಕಂಡವರು ಯಾರೂ ಕಾಡಿನೊಳಗಿನ ನೆಲೆಯ ನಿಖರ ಅಕ್ಷಾಂಶ ರೇಖಾಂಶಗಳನ್ನು ಬಹಿರಂಗವಾಗಿ ಹಾಕಲಾರರು. ಊರ ನಡುವಿನ ಕಲ್ಲುಗಳ ವಿವರ ಪೂರ್ಣವಾಗಿ ತೆರೆದಿರಲಿ, ನಿರ್ಜನ ನೆಲೆಗಳಿಗೆ ಗ್ರಾಮದ ಹೆಸರು ಮಾತ್ರ ಕಾಣಲಿ, ನಿಖರ ಸ್ಥಾನ ತಹಶೀಲ್ದಾರರ ಕಚೇರಿ, ರಾಜ್ಯ ಪುರಾತತ್ವ ಇಲಾಖೆ ಮತ್ತು ಆಯಾ ಪಂಚಾಯಿತಿಯ ಪ್ರತಿಯಲ್ಲಿರಲಿ ಎಂದು ಕೊನೆಗೆ ತೀರ್ಮಾನಿಸಿದೆವು.

ತಂತ್ರಾಂಶದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸೇರಿ ರೂಪಿಸಿದ ಆರ್ಚಸ್ ಎಂಬ ಮುಕ್ತ ವ್ಯವಸ್ಥೆ ಇದಕ್ಕೆಂದೇ ಇದೆ. ಆದರೆ ಒಂದು ಹೋಬಳಿಯ ಮಟ್ಟಿಗೆ ಕನ್ನಡದಲ್ಲಿ ತುಂಬಿದ ಅಚ್ಚುಕಟ್ಟಾದ ಎಕ್ಸೆಲ್ ಹಾಳೆ ಸಾಕು. ಹಳೆಯ ಶಾಸನಸಂಖ್ಯೆಯನ್ನು ಹೊಸ ಸಂಖ್ಯೆಯ ಪಕ್ಕದಲ್ಲಿ ಉಳಿಸಿಕೊಳ್ಳುವುದು, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಸಂಗ್ರಹಾಲಯಕ್ಕೋ ಬೇರೆಡೆಗೋ ಸಾಗಿಸಿದ ಕಲ್ಲುಗಳಿಗೆ ಮೂಲಸ್ಥಾನವನ್ನು ಬರೆಯುವುದು, ಪ್ರತಿ ನಮೂದಿಗೂ ನೋಡಿದ ದಿನಾಂಕ ಮತ್ತು ನೋಡಿದವರ ಹೆಸರು ಹಾಕುವುದು, ಇವು ಯಾವ ತಂತ್ರಾಂಶಕ್ಕಿಂತಲೂ ಮುಖ್ಯ.

ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸ ಸಾಗದು. ಭತ್ತದ ಕೊಯ್ಲು ಮುಗಿದು ಗದ್ದೆ ಬರಿದಾದ ಮೇಲೆ, ಜನವರಿಯಿಂದ ಮೇವರೆಗೆ, ಪೊದೆ ಒಣಗಿ ನೆಲ ಕಾಣುವಾಗ ನಡೆಯಬೇಕು. ಆನವಟ್ಟಿ ಹೋಬಳಿಯನ್ನು ಮೊದಲಿಗೆ ಆರಿಸಿಕೊಂಡಿದ್ದೇವೆ. ಪ್ರತಿ ಗ್ರಾಮದ ಪಟ್ಟಿಯ ಕರಡನ್ನು ಆ ಊರಿನ ಗ್ರಾಮಸಭೆಯಲ್ಲಿ ಓದಿ ತಿದ್ದಿಸಿಕೊಂಡ ಮೇಲೆ ಅದರ ಮುದ್ರಿತ ಪ್ರತಿಯನ್ನು ಪಿಡಿಒ ಅವರಿಗೆ, ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧವಾಗುವ ಮೊದಲೇ, ಒಪ್ಪಿಸಿ ಸ್ವೀಕೃತಿ ಪಡೆಯುತ್ತೇವೆ.