ಬಂಗಡೆ ಜೊತೆ ಮ್ಯೂನಿಕ್ ಬಿಯರು

ಫೆಬ್ರವರಿ ಕೊನೇಲಿ ಕಾರವಾರಕ್ಕೆ ಹೋಗೋರು ಸೆಕೆಗೆ ರೆಡಿಯಾಗೇ ಹೋಗ್ಬೇಕು, ಆದ್ರೆ ಮ್ಯೂನಿಕ್‌ನಲ್ಲಿರೋ ಗೆಳೆಯ ರಜೆಗೆ ಬಂದಿದ್ದೇ ಆಗ. ಬರ್ತಾ ಪೌಲಾನರ್ ಸಾಲ್ವಾಟರ್ ಅನ್ನೋ ಬಿಯರಿನ ಅರ್ಧ ಲೀಟರಿನ ನಾಲ್ಕು ಬಾಟ್ಲಿ ತಂದಿದ್ದ, ಡ್ಯೂಟಿ ಕಟ್ಟದೆ ಬಿಡೋದೇ ಎರಡು ಲೀಟರು ನೋಡಿ. ಬೆಂಗಳೂರಲ್ಲೇ ಮುಗಿಸೋಣ ಅಂದ್ರೆ ಆಸಾಮಿ ಒಪ್ಲಿಲ್ಲ, ಒಳ್ಳೆ ಮೀನಿಲ್ಲದೆ ಮುಚ್ಚಳ ತೆಗೆಯಲ್ಲ ಅಂದ. ಸರಿ, ಬಾಟ್ಲಿಗಳ್ನ ಐಸ್‌ಬಾಕ್ಸಿಗೆ ಹಾಕ್ಕೊಂಡು ಹೊರಟ್ವಿ. ಕಾರಿನ ಡಿಕ್ಕೀಲಿ ಬಿಸಿಲಿಗೆ ಬೇಯ್ಸಿದ್ರೆ ಬಿಯರು ಬೇಗ ಹಳಸುತ್ತೆ, ಒದ್ದೆ ರಟ್ಟಿನ ವಾಸನೆ ಬರುತ್ತೆ. ಬ್ರೌನ್ ಬಾಟ್ಲಿ ಬೆಳಕನ್ನೇನೋ ತಡೆಯುತ್ತೆ, ಸೆಕೆ ತಡೆಯಲ್ಲ.

ಸಾಗರ, ಸಿದ್ದಾಪುರ ದಾಟಿ ಶಿರಸಿ. ಆಲೆಮನೆ ಸೀಸನ್ನು, ಹಾಗಾಗಿ ರಸ್ತೆ ಬದೀಲಿ ಹೊಗೆ ಕಂಡಲ್ಲಿ ಗಾಡಿ ನಿಲ್ಸಿದ್ವಿ. ಕಬ್ಬಿನಹಾಲು, ಮಂಡಕ್ಕಿ, ಮಿರ್ಚಿ ಬಜ್ಜಿ. ಕೊಪ್ಪರಿಗೇಲಿ ಹಾಲು ಕುದ್ದು ಕುದ್ದು ಕೆಂಪಾಗಿ ಜೋನಿ ಬೆಲ್ಲ ಆಗೋ ಹೊತ್ತಿಗೆ ಬರೋ ಪರಿಮಳ ಇದ್ಯಲ್ಲ, ಅದನ್ನ ಅಲ್ಲೇ ನಿಂತು ಅನುಭವಿಸ್ಬೇಕು. ಆಮೇಲೆ ದೇವಿಮನೆ ಘಾಟ್ ಇಳಿದು ಕುಮಟಾ, ಮಿರ್ಜಾನ್, ಅಂಕೋಲಾ, ಹೇಳುವಂಥದ್ದೇನಿಲ್ಲ, ಕಾರಲ್ಲಿ ಅರ್ಧ ಜನ ನಿದ್ದೆ.

ಕಾರವಾರದಲ್ಲಿ ಬೀಚ್ ಪಕ್ಕ ನಿಂತಿರೋ ಚಪಲ್ ಯುದ್ಧನೌಕೇನ ಹೊರಗಿಂದ್ಲೇ ನೋಡಿ ಕಾಳಿ ನದಿ ದಾಟಿದ್ವಿ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದಿತ್ತಲ್ಲ, ಹೊಸದರ ಮೇಲೆ ಹೋಗ್ತಾ ಎಲ್ರೂ ಕಿಟಕಿ ಕಡೆ ತಿರುಗಿದ್ರು. ನಮ್ಮ ಹೋಮ್‌ಸ್ಟೇ ಇದ್ದಿದ್ದು ಸದಾಶಿವಗಡದಾಚೆ ಮಾಜಾಳಿ ಕಡೆ. ಇನ್ನೊಂದು ಸ್ವಲ್ಪ ಮುಂದೆ ಹೋದ್ರೆ ಗೋವಾದ ಪೋಳೆಂ, ಅಲ್ಲಿ ಬಿಯರು ಅಗ್ಗ, ವಾಪಸ್ ತರೋಣ ಅಂದ್ರೆ ಮಾಜಾಳಿ ಚೆಕ್‌ಪೋಸ್ಟಲ್ಲಿ ಅಬಕಾರಿಯವ್ರು. ನಮ್ಮ ಮೂರನೇ ಗೆಳೆಯನಿಗೆ ಮೊದಲಿನಿಂದ್ಲೂ ಮನಸ್ಸು ಆ ಕಡೆಗೇ.

ರಾತ್ರಿ ಗಾಳಿ ಶುರುವಾದ್ಮೇಲೆ ಜಗಲೀಲಿ ಕೂತ್ವಿ. ಬಾಟ್ಲಿನ ಐಸಿಂದ ತೆಗೆದು ಹಾಗೇ ಮೇಜಿನ ಮೇಲಿಟ್ಟಿದ್ದು ನೋಡಿ ಹೋಮ್‌ಸ್ಟೇ ಅಕ್ಕನಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ, "ಐಸ್ ಬ್ಯಾಡ್ವಾ ನಿಮ್ಗೆ? ಬಿಸಿಯಾದ್ಮೇಲೆ ಎಂತಕ್ಕೆ ಕುಡೀತ್ರಿ ಮಾರಾಯ್ರೆ" ಅಂದ್ರು. ಮ್ಯೂನಿಕ್‌ನವ್ನು ಸ್ವಲ್ಪ ಕಾಯಿರಿ ಅಕ್ಕಾ ಅಂತ ನಕ್ಕ. ಈ ಥರದ ಬಿಯರಿಗೆ 8ರಿಂದ 10 ಡಿಗ್ರಿ ಬೇಕು, ನಮ್ಮಲ್ಲಿ ಹಲ್ಲು ಜುಮ್ಮನ್ನೋ ಹಾಗೆ ಕೊಡ್ತಾರಲ್ಲ, ಆ ತಣ್ಪಲ್ಲಿ ಮಾಲ್ಟಿನ, ಅಂದ್ರೆ ಮೊಳಕೆ ಬರ್ಸಿ ಒಣಗ್ಸಿದ ಬಾರ್ಲಿಯ, ವಾಸನೆ ಮೇಲೇಳೋದೇ ಇಲ್ಲ.

ಹೋಲಿಸಿ ನೋಡೋಣ ಅಂತ ಕಾರವಾರದ ವೈನ್ ಶಾಪಲ್ಲಿ ನಮ್ಮ ದೇಶದ ಒಂದು ಸ್ಟ್ರಾಂಗ್ ಬಿಯರೂ ತಗೊಂಡಿದ್ವಿ. ನಮ್ಮ ಕಾನೂನಲ್ಲಿ ಸ್ಟ್ರಾಂಗ್ ಅಂದ್ರೆ ಆಲ್ಕೋಹಾಲ್ ಶೇಕಡಾ 5ರ ಮೇಲೆ 8ರ ತನಕ, ಸಾಲ್ವಾಟರ್ 7.9. ಲೇಬಲ್ ಓದಿದ್ರೆ ಎರಡೂ ಹೆಚ್ಚುಕಮ್ಮಿ ಅಣ್ಣತಮ್ಮಂದಿರು. ಗ್ಲಾಸಿಗೆ ಬಿದ್ಮೇಲೆ ಸಂಬಂಧವೇ ಇಲ್ಲ! ನಮ್ದು ತಿಳಿ ಹಳದಿ, ಕುಡಿದ್ರೆ ಮೊದ್ಲು ಸಿಹಿ, ಆಮೇಲೆ ನೀರು, ಆಮೇಲೆ ಗಂಟ್ಲಲ್ಲಿ ಉರಿ. ನಮ್ಮಲ್ಲಿ ಸ್ಟ್ರಾಂಗ್ ಬಿಯರಿಗೆ ಬಾರ್ಲಿ ಜೊತೆ ಅಕ್ಕಿ, ಮೆಕ್ಕೆಜೋಳ ಅಥ್ವಾ ಸಕ್ಕರೆ ಸೇರಿಸೋದು ಮಾಮೂಲಿ, ಅದ್ರಲ್ಲಿ ಬಹುಪಾಲು ಹುದುಗಿ ಆಲ್ಕೋಹಾಲ್ ಆಗಿಬಿಡುತ್ತೆ, ನಾಲಿಗೆಗೆ ಏನೂ ಉಳಿಯಲ್ಲ.

ಸಾಲ್ವಾಟರ್ ಗ್ಲಾಸನ್ನ ಟ್ಯೂಬ್‌ಲೈಟಿಗೆ ಹಿಡಿದ್ರೆ ಕೆಂಪು ಮಿಶ್ರಿತ ಅಂಬರ್ ಬಣ್ಣ, ನೊರೇನೂ ಬಿಳಿಯಲ್ಲ, ಸ್ವಲ್ಪ ಕಂದು. ಮೂಗು ಹತ್ರ ತಂದ್ರೆ, ಬೆಳಿಗ್ಗೆ ಶಿರಸಿ ಆಲೆಮನೇಲಿ ಕೊಪ್ಪರಿಗೆ ಮುಂದೆ ನಿಂತ ಹಾಗೇ! ಇದಕ್ಕೆ ಕಾರಣಾನೂ ಇದೆ. ಮೊಳಕೆ ಬರ್ಸಿದ ಬಾರ್ಲೀನ ಬಿಸಿಗಾಳೀಲಿ ಒಣಗ್ಸೋವಾಗ ತಿಳಿ ಬಣ್ಣದ ಬಿಯರಿಗೆ ಹಾಕೋ ಸಾಮಾನ್ಯ ಪಿಲ್ಸ್ನರ್ ಮಾಲ್ಟನ್ನ ಸುಮಾರು 80-85 ಡಿಗ್ರಿಗೆ ನಿಲ್ಸಿದ್ರೆ ಇಂಥ ಬಿಯರಿಗೆ ಹಾಕೋ ಮ್ಯೂನಿಕ್ ಮಾಲ್ಟನ್ನ 100ರ ಆಸುಪಾಸಿಗೆ ಒಯ್ತಾರೆ, ಆ ಬಿಸಿಗೆ ಸಕ್ಕರೇನೂ ಅಮೈನೋ ಆಮ್ಲಾನೂ ಸೇರಿ ಬಣ್ಣ, ಪರಿಮಳ ಎರಡೂ ಹುಟ್ಟುತ್ತೆ. 1912ರಲ್ಲಿ ಇದನ್ನ ವಿವರಿಸಿದ ಫ್ರೆಂಚ್ ವಿಜ್ಞಾನಿ ಮೇಯಾರ್ ಹೆಸರಲ್ಲೇ ಈ ಕ್ರಿಯೆನ ಕರೀತಾರೆ. ಬಾಯಲ್ಲಿ ಮೊದ್ಲು ಸುಟ್ಟ ಬ್ರೆಡ್ಡಿನ ಅಂಚು, ಆಮೇಲೆ ಒಣ ಅಂಜೂರ, ಹಾಪ್ಸ್ ಅನ್ನೋ ಹೂವಿನ ಕಹಿ ಬರೀ ಸಿಹಿ ಮೀರದ ಹಾಗೆ ತಡೆಯೋಕೆ ಇದ್ದಷ್ಟು. ನುಂಗಿದ್ಮೇಲೆ ಎದೇಲಿ ಬೆಚ್ಚಗೆ, ಉರಿ ಇಲ್ಲ.

ಇದು ಡಾಪಲ್‌ಬಾಕ್ ಜಾತಿ, ಅಂದ್ರೆ ಮಾಲ್ಟು ಜಾಸ್ತಿ ಇರೋ ಜರ್ಮನಿಯ ಸ್ಟ್ರಾಂಗ್ ಬಿಯರು. ಮ್ಯೂನಿಕ್‌ನ ಪೌಲಾನರ್ ಸನ್ಯಾಸಿಗಳು ಈಸ್ಟರ್ ಮುಂಚಿನ ಉಪವಾಸದಲ್ಲಿ ಗಟ್ಟಿ ಆಹಾರ ಬಿಟ್ಟು ಇಂಥ ಬಿಯರಲ್ಲೇ ದಿನ ದೂಡ್ತಿದ್ರಂತೆ, ಬ್ರೂವರಿಯವ್ರು ತಮ್ಮ ಇತಿಹಾಸನ 1634ರಿಂದ ಎಣಿಸ್ತಾರೆ. ಈಗ್ಲೂ ಆ ಉಪವಾಸದ ತಿಂಗಳಲ್ಲಿ ನಾಕರ್‌ಬೆರ್ಗ್ ಅನ್ನೋ ಕಡೆ ಮೊದಲ ಪೀಪಾಯಿ ತೆರೆದು, ರಾಜಕಾರಣಿಗಳನ್ನ ಮುಂದಿನ ಸಾಲಲ್ಲಿ ಕೂರಿಸ್ಕೊಂಡು ವೇದಿಕೆ ಮೇಲಿಂದ ಅವ್ರಿಗೇ ಯದ್ವಾತದ್ವಾ ಉಗೀತಾರಂತೆ, ಅವ್ರೂ ಗ್ಲಾಸ್ ಹಿಡ್ಕೊಂಡು ನಗ್ತಾರಂತೆ. ನಮ್ಮಲ್ಲಿ ಮಾಡಿದ್ರೆ ಮಾರನೇ ದಿನ ಎಫ್‌ಐಆರ್.

ಈಗ ಮೀನಿನ ವಿಷಯ, ಅಲ್ಲೇ ಜಗಳ ಶುರುವಾಗಿದ್ದು. ಒಣಮೆಣಸು, ತಿರ್ಫಳ ಅನ್ನೋ ಕರಾವಳಿ ಮಸಾಲೆಕಾಯಿ ಹಾಕಿದ ಬಂಗಡೆ ಸಾರಿನ ಜೊತೆ ಈ ಬಿಯರು ಬೇಡವೇ ಬೇಡ, ಆಲ್ಕೋಹಾಲ್ ಖಾರನ ಇನ್ನೂ ಕೆರಳಿಸುತ್ತೆ, ತಿರ್ಫಳ ನಾಲಿಗೆ ಜೋಮು ಹಿಡಿಸಿದ್ಮೇಲೆ ಮಾಲ್ಟು ಎಲ್ಲಿ ಗೊತ್ತಾಗ್ಬೇಕು? ಬಂಗಡೆ ರವಾ ಫ್ರೈ ಚೆನ್ನಾಗಿತ್ತು, ಎಣ್ಣೆ ಜಿಡ್ಡನ್ನ ಗ್ಯಾಸು ತೊಳೆದುಬಿಡುತ್ತೆ. ಶೆಟ್ಲಿ (ಸೀಗಡಿ) ಫ್ರೈ ಪರ್ವಾಗಿಲ್ಲ. ಆದ್ರೆ ನಿಜವಾಗ್ಲೂ ಕೂಡಿ ಬಂದಿದ್ದು ತಿಸ್ರೆ (ಚಿಪ್ಪುಮೀನು) ಸುಕ್ಕಾ, ಅಕ್ಕ ತೆಂಗಿನಕಾಯಿನ ಕೆಂಪಗೆ ಹುರಿದು ಮಾಡಿದ್ರು, ಆ ಹುರಿದ ವಾಸನೇಗೂ ಮಾಲ್ಟಿಗೂ ಒಂದೇ ಮೂಲ, ಅದೇ ಮೇಯಾರ್ ಕ್ರಿಯೆ, ತಿಸ್ರೆಯ ಉಪ್ಪು ಬಿಯರಿನ ಸಿಹೀನ ಹದಕ್ಕೆ ತಂತು. ಮಧ್ಯೆ ಮಧ್ಯೆ ಸೋಲ್ ಕಡಿ (ಕೋಕಂ, ತೆಂಗಿನಹಾಲಿನ ಪಾನೀಯ) ಒಂದೊಂದು ಗುಟುಕು ಕುಡಿದ್ರೆ ಬಾಯಿ ಮತ್ತೆ ಹೊಸದಾಗುತ್ತೆ. ಶಿರಸೀಲಿ ತಗೊಂಡಿದ್ದ ತೊಡದೇವು ಅನ್ನೋ ತೆಳು ಸಿಹಿತಿಂಡಿ ಜೊತೆ ಮ್ಯೂನಿಕ್‌ನವ್ನು ಟ್ರೈ ಮಾಡಿ ಆಹಾ ಅಂದ, ನನಗೆ ಸಿಹಿ ಮೇಲೆ ಸಿಹಿ ಅನ್ನಿಸ್ತು.

ನನ್ನ ಲೆಕ್ಕದಲ್ಲಿ 10ಕ್ಕೆ 8. ಎರಡು ಕಡಿಮೆ ಮಾಡಿದ್ದು ಬಿಯರಿನ ತಪ್ಪಿಗಲ್ಲ, ಕಾರವಾರದ ಸೆಕೆಗೆ: ಅರ್ಧ ಗ್ಲಾಸ್ ಆಗೋಷ್ಟರಲ್ಲಿ ಅದು 20 ಡಿಗ್ರಿ ದಾಟಿ ಭಾರ ಅನ್ನಿಸೋಕೆ ಶುರುವಾಗುತ್ತೆ, ಹಾಗಾಗಿ ಇಲ್ಲಿ ಕುಡಿಯೋದಾದ್ರೆ ಸಣ್ಣ ಗ್ಲಾಸು, ಸ್ವಲ್ಪ ಸ್ವಲ್ಪನೇ ಸುರ್ಕೊಳ್ಳಿ, ಉಳಿದಿದ್ದು ಐಸಲ್ಲೇ ಇರ್ಲಿ, ಒಬ್ರಿಗೆ ಒಂದು ಬಾಟ್ಲಿ ಧಾರಾಳವಾಯ್ತು. ಮ್ಯೂನಿಕ್‌ನವ್ನು 9 ಕೊಟ್ಟ. ಮೂರನೆಯವ್ನು 5 ಕೊಟ್ಟು, ಬಿಯರು ಅಂದ್ಮೇಲೆ ಬಾಯಾರಿಕೆ ಹೋಗ್ಬೇಕಪ್ಪ, ಇದನ್ನ ಕುಡಿದ್ರೆ ಊಟ ಆಗುತ್ತೆ ಅಂದ. ಬೆಳಿಗ್ಗೆ ಎದ್ದವ್ನೇ ಪೋಳೆಂಗೆ ಆಟೋ ಸಿಗುತ್ತಾ ಅಂತ ಅಕ್ಕನ್ನ ಕೇಳ್ತಿದ್ದ.