ದೊಡ್ಡ ರೇಸ್ ಬಂದಾಗ ಕಾಲ್ ಮಾಡೋದಾ, ಎಲೆ ಬಿಸಾಕೋದಾ?

ಪೋಕರ್ ಆಡುವ ಗೆಳೆಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಒಳ್ಳೆ ಎಲೆ ಬಂದಿತ್ತು. ಎದುರಿನವನು ಏಕ್‌ದಂ ದೊಡ್ಡ ರೇಸ್ ಮಾಡಿದ. ಬ್ಲಫ್ ಇರಬಹುದಾ?" ರೇಸ್ ಅಂದರೆ ಪಂತವನ್ನು ಇನ್ನೂ ಏರಿಸೋದು, ಕಾಲ್ ಅಂದರೆ ಅಷ್ಟೇ ಮೊತ್ತ ಹಾಕಿ ಆಟದಲ್ಲಿ ಉಳಿಯೋದು, ಬ್ಲಫ್ ಅಂದರೆ ಒಳ್ಳೆ ಎಲೆ ಇಲ್ಲದೆ ಹೆದರಿಸೋದು. ಸಣ್ಣ ಮೊತ್ತದ ಆಟ ಆದರೆ ನನ್ನ ಉತ್ತರ ಹೆಚ್ಚಾಗಿ ಒಂದೇ. ಇಲ್ಲ, ಫೋಲ್ಡ್ ಮಾಡಿ, ಅಂದರೆ ಎಲೆ ಬಿಸಾಕಿ. ಕೇಳಿದವರಿಗೆ ಇದು ರುಚಿಸುವುದಿಲ್ಲ.

ಒಂದು ಆಟ ನೋಡೋಣ. ನಿಮ್ಮ ಕೈಯಲ್ಲಿ ಎಕ್ಕ, ರಾಜ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳು: ಮೊದಲ ಮೂರು (ಫ್ಲಾಪ್) ರಾಜ, 9, 4, ನಾಲ್ಕನೆಯದು (ಟರ್ನ್) 2. ನಾಲ್ಕೂ ಬೇರೆ ಬೇರೆ ಜಾತಿ. ಪಾಟ್‌ನಲ್ಲಿ, ಅಂದರೆ ಎಲ್ಲರ ಪಂತ ಸೇರಿದ ಮೊತ್ತದಲ್ಲಿ, 80 ಚಿಪ್ಸ್ ಇದೆ, ನೀವು 60 ಹಾಕಿದಿರಿ. ಅಲ್ಲಿಯವರೆಗೆ ಸುಮ್ನೆ ಕಾಲ್ ಮಾಡಿಕೊಂಡು ಬಂದವನು ಅದನ್ನು 200ಕ್ಕೆ ಏರಿಸಿದ. ಈಗ ಪಾಟ್ 340. ನೀವು ಇನ್ನೂ 140 ಹಾಕಬೇಕು. ಅದೂ ಸೇರಿದರೆ ಪಾಟ್ 480, ಅದರಲ್ಲಿ 140 ಅಂದರೆ ಸುಮಾರು ಶೇ 29. ನೂರಕ್ಕೆ 29 ಸಲಕ್ಕಿಂತ ಜಾಸ್ತಿ ಗೆದ್ದರೆ ಸಾಕು, ಅಗ್ಗವೇ ಅಲ್ವಾ? ಎಲ್ಲರೂ ಬೀಳೋದು ಇಲ್ಲೇ.

ನಿಮ್ಮನ್ನು ಸೋಲಿಸುವಂಥದ್ದು ಅವನ ಕೈಯಲ್ಲಿ ಏನಿರಬಹುದು, ಎಣಿಸಿ. ಮೇಜಿನದೂ ಸೇರಿ ನಿಮ್ಮದು ಜೋಡಿ ರಾಜ ಅಷ್ಟೇ; ಅವನ ಕೈಯ ಜೋಡಿಗೆ ಮೇಜಿನ ಎಲೆ ಸೇರಿದರೆ ಮೂರಾಗುತ್ತದೆ, ರಾಜ-9 ಇದ್ದರೆ ಎರಡು ಜೋಡಿ. ಎರಡೂ ನಿಮಗಿಂತ ಮೇಲು. ಜೋಡಿ 9, ಜೋಡಿ 4, ಜೋಡಿ 2: ಒಂದೊಂದೂ 3 ರೀತಿ, ಒಟ್ಟು 9. ಉಳಿದಿರುವ ರಾಜ 2, ಒಂಬತ್ತು 3, ಹಾಗಾಗಿ ರಾಜ-9 ಆರು ರೀತಿ. ಜೋಡಿ ರಾಜ ಒಂದು. ಒಟ್ಟು 16. ರಾಜ-4 ಹಿಡಿದು ಕೂರುವವರನ್ನು ಬಿಟ್ಟೇ ಬಿಡೋಣ. ಇವುಗಳಲ್ಲಿ ಜೋಡಿ ಹಿಡಿದವನ ಎದುರು ರಿವರ್‌ನಲ್ಲಿ, ಅಂದರೆ ಐದನೆಯ ಕೊನೆಯ ಎಲೆಯಾಗಿ, ಏನು ಬಿದ್ದರೂ ನಿಮಗೆ ಪ್ರಯೋಜನವಿಲ್ಲ.

ಈಗ ನೀವು ಸೋಲಿಸುವ ಎಲೆಗಳು. ರಾಜ-ರಾಣಿ 8 ರೀತಿ ಬರಬಹುದು. ಅದನ್ನು ಹಿಡಿದು ಪ್ರತಿ ಸಲ ಹೀಗೆ ಏರಿಸುವವನಾದರೆ 24ರಲ್ಲಿ 8, ಅಂದರೆ ಸುಮಾರು ಮೂರಕ್ಕೊಂದು ಸಲ ನೀವು ಮುಂದಿರುತ್ತೀರಿ; ಲೆಕ್ಕ ಕೂಡುತ್ತದೆ, ಕಾಲ್ ಮಾಡಿ. ಆದರೆ ಏರಿಸುತ್ತಾನಾ? ನಾನು ಆಡಿದ ಸಣ್ಣ ಮೇಜುಗಳಲ್ಲಿ ರಾಜ-ರಾಣಿ ಹಿಡಿದವರು ಸುಮ್ನೆ ಕಾಲ್ ಮಾಡುತ್ತಾರೆ, ಅದೂ ಮುಖ ಸಪ್ಪೆ ಮಾಡಿಕೊಂಡು. ಬ್ಲಫ್ ಇದೆಯಾ ಅಂತ ತಲೆ ಕೆಡಿಸಿಕೊಳ್ಳುವ ಬದಲು, ನನಗಿಂತ ಕಡಿಮೆ ಎಲೆ ಹಿಡಿದು ಇವನು ಇಷ್ಟು ಏರಿಸುವವನಾ ಅಂತ ಕೇಳಿಕೊಳ್ಳಿ. ರಿವರ್‌ನಲ್ಲಿ ಇನ್ನೊಂದು ದೊಡ್ಡ ಬೆಟ್ ಬರುವುದೂ ಇದೆ. 140ಕ್ಕೆ ಮುಗಿಯುವ ಖರ್ಚಲ್ಲ ಅದು.

ಎರಡು ಆಟಕ್ಕೊಮ್ಮೆ ರೇಸ್ ಮಾಡುವವನ ವಿಷಯ ಬೇರೆ. ಆಗಷ್ಟೇ ದೊಡ್ಡ ಪಾಟ್ ಸೋತು ಉರಿಯುತ್ತಿರುವವನದೂ ಬೇರೆ. ಅಂಥವರಿಗೆ ನಾನು ಎಕ್ಕ-ರಾಜದಲ್ಲಿ ಕಾಲ್ ಮಾಡುತ್ತೇನೆ.

ಫ್ಲಾಪ್‌ಗೂ ಮುಂಚೆಯೇ ದೊಡ್ಡ ರೇಸ್ ಬಂದರೆ? ಸಣ್ಣ ಜೋಡಿ ಹಿಡಿದವರಿಗೆ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಎಂಟೊಂಬತ್ತು ಸಲಕ್ಕೆ ಒಮ್ಮೆ. ನೀವು ಗೆಲ್ಲಲು ರೇಸ್ ಮಾಡಿದವನ ಹತ್ತಿರ ಜಾಸ್ತಿ ಚಿಪ್ಸ್ ಉಳಿದಿಲ್ಲ ಅಂದರೆ ಬಿಟ್ಟುಬಿಡಿ.

ಇಷ್ಟೆಲ್ಲ ಹೇಳುವ ನಾನೂ ಮೊನ್ನೆ ಕಾಲ್ ಮಾಡಿದೆ. ಎದುರಿಗೆ ಕೂತವನು ಹೊತ್ತು ಕಳೆಯಲು ಚಿಪ್ಸ್ ಟಕಟಕ ಅನ್ನಿಸುತ್ತಿದ್ದ. ಟರ್ನ್ ಎಲೆ ಬೀಳುತ್ತಿದ್ದಂತೆ ಸದ್ದು ನಿಂತಿತು. ಬೆನ್ನು ನೆಟ್ಟಗಾಯಿತು. ನೋಡಿದೆ, ಅರ್ಥವೂ ಆಯಿತು. ಆದರೂ ಎಕ್ಕ-ರಾಜ ಬಿಡೋದು ಹೇಗೆ ಅಂತ ಚಿಪ್ಸ್ ತಳ್ಳಿದೆ. ಪಾಪ, ಜೋಡಿ 4 ತೋರಿಸುತ್ತಾ ಅವನೇ ಸಾರಿ ಅಂದ.