ಹಳೆ ಡೆಸ್ಕ್‌ಟಾಪಿಗೆ ಇನ್ನೂ ದುಡ್ಡು ಹಾಕಬೇಕೆ?

ಯಂತ್ರ ಹೀಗಿತ್ತು: ಇಂಟೆಲ್ ಕೋರ್ ಐ5-4460, ಎಚ್81 ಚಿಪ್‌ಸೆಟ್ಟಿನ ಬೋರ್ಡು, 4 ಜಿಬಿ ಡಿಡಿಆರ್3 ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, 32 ಬಿಟ್‌ನ ವಿಂಡೋಸ್ 10. ತಾಲ್ಲೂಕು ಕೇಂದ್ರವೊಂದರ ಡಿಟಿಪಿ ಅಂಗಡಿಯದು. ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ಕುಗಳೆಲ್ಲ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಿನಲ್ಲಿ. ನಡುನಡುವೆ ಸೇವಾಸಿಂಧು ಅರ್ಜಿ, ಬ್ಯಾಂಕಿನ ಕೆಲಸ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳ ಪ್ರಿಂಟು. ಬೆಳಿಗ್ಗೆ ಆನ್ ಮಾಡಿದರೆ ಮೊದಲ ಫೈಲ್ ತೆರೆಯುವ ಹೊತ್ತಿಗೆ ಐದಾರು ನಿಮಿಷ ಹೋಗಿರುತ್ತಿತ್ತು. “ಹೊಸದೇ ತಗೊಂಬಿಡ್ಲಾ ಸರ್, ಇಲ್ಲ ಇದಕ್ಕೇ ಏನಾದ್ರೂ ಹಾಕ್ಸೋದಾ?” ಎಂದರು ಅಂಗಡಿಯವರು.

ಇದಕ್ಕೆ ಯಂತ್ರದ ವಯಸ್ಸು ನೋಡಿ ಉತ್ತರ ಹೇಳಬಾರದು. ಅದು ಯಾವುದಕ್ಕಾಗಿ ಕಾಯುತ್ತಾ ಕೂತಿದೆ ಎಂದು ಅಳೆದು ಹೇಳಬೇಕು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟ ತೆರೆದಿಟ್ಟು, ದಿನಾ ಮಾಡುವ ಕೆಲಸವನ್ನೇ ಮಾಡಿಸಿದ್ದಾಯಿತು. ಪ್ರೊಸೆಸರ್ ಶೇ 20 ದಾಟಲಿಲ್ಲ. ಡಿಸ್ಕ್ ಮಾತ್ರ ಶೇ 100ರಿಂದ ಕೆಳಗಿಳಿಯಲಿಲ್ಲ. ಅದರ ಸರಾಸರಿ ಪ್ರತಿಕ್ರಿಯೆ ಸಮಯ ನೂರಾರು ಮಿಲಿಸೆಕೆಂಡ್ ತೋರಿಸುತ್ತಿತ್ತು. ಚೆನ್ನಾಗಿರುವ ಹಾರ್ಡ್‌ಡಿಸ್ಕಿನಲ್ಲಿ ಸಾಮಾನ್ಯ ಹೊರೆಗೆ ಅದು ಹತ್ತಿಪ್ಪತ್ತರ ಆಸುಪಾಸಿನಲ್ಲಿರಬೇಕು. ರ್‍ಯಾಮ್ ಪೂರ್ತಿ ತುಂಬಿತ್ತು. ರ್‍ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕಿನ ಪೇಜ್‌ಫೈಲಿಗೆ ಸಾಗಿಸುತ್ತದೆ, ಮತ್ತೆ ಬೇಕಾದಾಗ ಅಲ್ಲಿಂದಲೇ ತರುತ್ತದೆ. ಹಾಗಾಗಿ ಡಿಸ್ಕಿನ ತೊಂದರೆ, ರ್‍ಯಾಮಿನ ತೊಂದರೆ ಎರಡೂ ಒಂದೇ ಗಂಟಿನವು. ಪ್ರೊಸೆಸರ್ ಬದಲಿಸುವ ಮಾತನ್ನು ಇಲ್ಲಿಗೇ ಬಿಡಬಹುದು. ಅದೇ ಸಾಕೆಟ್ಟಿಗೆ ಕೂರುವ ಐ7-4770 ಸೆಕೆಂಡ್‌ಹ್ಯಾಂಡ್ ಸಿಗುತ್ತದೆ ನಿಜ, ಆದರೆ ಖಾಲಿ ಕೂತಿರುವ ನಾಲ್ಕು ಕೋರುಗಳ ಜಾಗಕ್ಕೆ ಎಂಟು ಥ್ರೆಡ್ ತಂದು ಏನೂ ಬಾರದು.

ಮುಂದೆ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಮೂರು ಸಾಲು ನೋಡಿದರೆ ಸಾಕು: 05, ಸಿ5, ಸಿ6. ಕೆಟ್ಟು ಬದಲಾಯಿಸಲ್ಪಟ್ಟ ಸೆಕ್ಟರುಗಳು (ಡಿಸ್ಕಿನ ಸಣ್ಣ ಸಣ್ಣ ಭಾಗಗಳು) 05ರಲ್ಲಿ, ಓದಲಾಗದೆ ತೀರ್ಮಾನಕ್ಕೆ ಕಾದಿರುವವು ಸಿ5ರಲ್ಲಿ, ಸರಿಪಡಿಸಲಾಗದವು ಸಿ6ರಲ್ಲಿ. ಆ ತಂತ್ರಾಂಶ ಕಚ್ಚಾ ಸಂಖ್ಯೆಗಳನ್ನು ಮೊದಲಿಗೆ ಹದಿನಾರರ ಮಾನದಲ್ಲಿ ತೋರಿಸುತ್ತದೆ. 10 ಎಂದಿದ್ದರೆ ಹದಿನಾರು ಎಂದರ್ಥ. ಈ ಡಿಸ್ಕಿನಲ್ಲಿ ಸಿ5 ಸೊನ್ನೆಯಾಗಿರಲಿಲ್ಲ. ಅಂಥ ಡಿಸ್ಕನ್ನು ಇಡಿಯಾಗಿ ಕ್ಲೋನ್ ಮಾಡಲು ಹೊರಟರೆ ಕೆಟ್ಟ ಸೆಕ್ಟರಿನ ಮುಂದೆ ಓದುವ ತಲೆ ಮತ್ತೆ ಮತ್ತೆ ತಿಣುಕುತ್ತದೆ, ಉಳಿದಿರುವ ಆಯುಸ್ಸೂ ಅಲ್ಲೇ ಕಳೆಯುತ್ತದೆ. ಮೊದಲು ಗಿರಾಕಿಗಳ ಫೈಲು, ಆಮೇಲೆ ಫಾಂಟ್ ಫೋಲ್ಡರು, ಬ್ರೌಸರಿನ ಪಾಸ್‌ವರ್ಡು, ಟ್ಯಾಲಿ ಇದ್ದರೆ ಅದರ ಡೇಟಾ, ಈ ಕ್ರಮದಲ್ಲಿ ಬೇರೆ ಡ್ರೈವಿಗೆ ನಕಲಾಗಬೇಕು. ಇನ್ನೇನೇ ಮಾಡುವುದಿದ್ದರೂ ಇದರ ನಂತರವೇ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ. ಈ ಯಂತ್ರ ವಿಂಡೋಸ್ 7ರಿಂದ ಉಚಿತವಾಗಿ 10ಕ್ಕೆ ಏರಿದ್ದು. ಮೊದಲು 32 ಬಿಟ್ ಇದ್ದದ್ದು ಏರಿದ ಮೇಲೂ 32 ಬಿಟ್ಟೇ. ಅದರಲ್ಲಿ 8 ಜಿಬಿ ಹಾಕಿದರೂ ಬಳಕೆಗೆ ಸಿಗುವುದು ಮೂರು ಚಿಲ್ಲರೆ ಜಿಬಿ ಮಾತ್ರ. 32ರಿಂದ 64 ಬಿಟ್ಟಿಗೆ ಹೋಗಲು ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು, ಇದ್ದದ್ದರ ಮೇಲೆ ಏರಿಸುವ ದಾರಿ ಇಲ್ಲ. ಬೋರ್ಡ್ ಅದೇ ಇದ್ದು, ಅದೇ ಆವೃತ್ತಿ (ಹೋಮ್ ಅಥವಾ ಪ್ರೊ) ಹಾಕಿದರೆ ಡಿಜಿಟಲ್ ಲೈಸೆನ್ಸ್ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ, ಹಣ ಕೊಡಬೇಕಿಲ್ಲ. ಆದರೆ 32 ಬಿಟ್ ಡ್ರೈವರುಗಳು ಅಲ್ಲಿ ಕೆಲಸ ಮಾಡವು. ಅಂಗಡಿಯ ಲೇಸರ್ ಪ್ರಿಂಟರಿಗೆ 64 ಬಿಟ್ ಡ್ರೈವರ್ ಸಿಕ್ಕಿತು, ಹಳೆ ಸ್ಕ್ಯಾನರಿಗೆ ಸಿಗಲಿಲ್ಲ. ಬಿಡಿಭಾಗ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಎರಡು ಸಾವಿರ ಉಳಿಸಲು ಹೋಗಿ ಸ್ಕ್ಯಾನರಿಗೆ ಐದು ಸಾವಿರ ಕೊಡುವಂತಾದರೆ ಲೆಕ್ಕವೇ ಬೇರೆಯಾಗುತ್ತದೆ.

ರ್‍ಯಾಮ್: ಎಚ್81 ಬೋರ್ಡಿಗೆ ಎರಡೇ ಸ್ಲಾಟು, ಒಟ್ಟು 16 ಜಿಬಿ ಮಿತಿ. 1600ರ ವೇಗದ 4 ಜಿಬಿ ಕಡ್ಡಿಗಳೆರಡು ಹಾಕಿದರೆ ಎರಡರಲ್ಲೂ ಒಟ್ಟಿಗೆ ಓದಿ ಬರೆಯುವ ಡ್ಯುಯಲ್ ಚಾನೆಲ್ ಸಿಗುತ್ತದೆ; ಗ್ರಾಫಿಕ್ಸ್ ಕಾರ್ಡಿಲ್ಲದೆ ಬೋರ್ಡಿನಿಂದಲೇ ಮಾನಿಟರ್ ನಡೆಸುವವರಿಗೆ ಅದರಿಂದ ನಿಜವಾದ ಅನುಕೂಲವಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಳಸಿದ ಡಿಡಿಆರ್3 ಈಗಲೂ ಸಿಗುತ್ತದೆ. ಅಗ್ಗದ 8 ಜಿಬಿ ಹೊಸ ಕಡ್ಡಿಗಳಲ್ಲಿ ಕೆಲವು ಎಎಂಡಿ ಬೋರ್ಡಿಗೆ ಮಾತ್ರ ಹೊಂದುವಂಥವು. ಚಿಪ್ಪುಗಳ ಒಳಜೋಡಣೆ ಬೇರೆ ಇರುವುದರಿಂದ ಇಂಟೆಲ್ ಬೋರ್ಡಿನಲ್ಲಿ ಬೀಪ್ ಹೊಡೆದು ನಿಲ್ಲುತ್ತದೆ, ಪರದೆಯೇ ಬರುವುದಿಲ್ಲ. ಲೇಬಲ್ಲಿನಲ್ಲಿ ಹಾಗೆ ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ.

ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ಬರೆಯುವ ಡ್ರೈವು) 2.5 ಇಂಚಿನ ಸಾಟಾದ್ದೇ ಇರಲಿ, ಅಂದರೆ ಹಾರ್ಡ್‌ಡಿಸ್ಕಿನ ಕೇಬಲ್ಲೇ ಹೊಂದುವಂಥದ್ದು. ಈ ಬೋರ್ಡುಗಳ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸಾಮಾನ್ಯವಾಗಿ ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿಯಿಂದ ಬೂಟ್ ಆಗುವುದಿಲ್ಲ; ಅಡಾಪ್ಟರ್ ಕಾರ್ಡ್ ಹಾಕಿದರೂ ವಿಂಡೋಸ್ ಏಳುವುದಿಲ್ಲ. ಎಚ್81ರಲ್ಲಿ ಎರಡು ಸಾಟಾ ಪೋರ್ಟು 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ಎಸ್‌ಎಸ್‌ಡಿಯನ್ನು ಮೊದಲಿನದಕ್ಕೆ ಕೊಟ್ಟರೆ ಸೆಕೆಂಡಿಗೆ 500 ಎಂಬಿ ಮೀರಿ ಓದುತ್ತದೆ, ಎರಡನೆಯದಕ್ಕೆ ಕೊಟ್ಟರೆ ಅದರ ಅರ್ಧ. ನಿಜ ಹೇಳಬೇಕೆಂದರೆ ಅರ್ಧವಾದರೂ ದೊಡ್ಡ ನಷ್ಟವಿಲ್ಲ. ಹಾರ್ಡ್‌ಡಿಸ್ಕ್ ಸೋಲುವುದು ಚದುರಿದ ಸಣ್ಣ ಸಣ್ಣ ಫೈಲುಗಳ ಮುಂದೆ. ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಓದು ಅದರ ಮಿತಿ, ಎಸ್‌ಎಸ್‌ಡಿಯದು ಹತ್ತಾರು ಸಾವಿರ.

ಇನ್‌ಸ್ಟಾಲ್ ಮಾಡುವ ಮೊದಲು ಬಯಾಸಿನಲ್ಲಿ ಸಾಟಾ ಮೋಡ್ ನೋಡಬೇಕು. ಇದರಲ್ಲಿ ಹಳೆಯ ರೀತಿಯ ಐಡಿಇ ಎಂದಿತ್ತು, ಎಸ್‌ಎಸ್‌ಡಿಗೆ ತಕ್ಕ ಎಎಚ್‌ಸಿಐಗೆ ಬದಲಿಸಿದೆವು. ವಿಂಡೋಸ್ ಹಾಕಿದ ಮೇಲೆ ಬದಲಿಸಿದರೆ ಬೂಟ್ ಡಿವೈಸ್ ಸಿಗದೆ ನೀಲಿ ಪರದೆ ಬರುತ್ತದೆ. ವಿಂಡೋಸ್ ಹಾಕುವ ಪೆನ್‌ಡ್ರೈವನ್ನು ರೂಫಸ್ ಎಂಬ ತಂತ್ರಾಂಶದಲ್ಲಿ ಜಿಪಿಟಿ, ಯುಇಎಫ್‌ಐ ಆರಿಸಿ ತಯಾರಿಸಿ. ಇನ್‌ಸ್ಟಾಲ್ ಆಗುವಾಗ ಹಳೆ ಹಾರ್ಡ್‌ಡಿಸ್ಕಿನ ಕೇಬಲ್ ತೆಗೆದಿಡಿ; ಇಲ್ಲದಿದ್ದರೆ ಬೂಟ್ ಫೈಲುಗಳು ಅದರ ಮೇಲೆ ಹೋಗಿ ಕೂತು, ಮುಂದೊಂದು ದಿನ ಆ ಡಿಸ್ಕ್ ತೆಗೆದಾಗ ಹೊಸದೂ ಏಳುವುದಿಲ್ಲ.

ಕ್ಯಾಬಿನೆಟ್ ತೆರೆದಾಗಲೇ ಉಳಿದದ್ದನ್ನೂ ನೋಡುವುದು ಒಳ್ಳೆಯದು. ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಸಡಿಲವಾಗಿತ್ತು. ಹಾಗಾದರೆ ಹೀಟ್‌ಸಿಂಕ್ ಒಂದು ಕಡೆ ಎದ್ದು, ಪೇಸ್ಟ್ ಒಣಗಿ, ಬಿಸಿ 100 ಡಿಗ್ರಿ ಮುಟ್ಟಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹಳೆ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಇಟ್ಟು, ಪಿನ್ನುಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಒತ್ತಬೇಕು. ಗಾಳಿ ಊದುವಾಗ ಫ್ಯಾನು ತಿರುಗದಂತೆ ಬೆರಳಿಂದ ಹಿಡಿದಿರಿ. ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ 12 ವೋಲ್ಟ್ ಸಾಲು 11.4ಕ್ಕಿಂತ ಕೆಳಗಿಳಿದರೆ ಮೊದಲು ಅದನ್ನು ಬದಲಿಸಬೇಕು; ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಪ್‌ಗ್ರೇಡಿನ ಮಾತು ಅಲ್ಲಿಗೇ ನಿಲ್ಲಬೇಕು. ಎಸ್‌ಎಂಪಿಎಸ್ ಆದರೂ ಬದಲಿಸಬಹುದು; ಹಳೆ ಬೋರ್ಡಿಗೆ ಹಳೆ ಬೋರ್ಡೇ ಹುಡುಕುವುದು ಕೊನೆಯಿಲ್ಲದ ಕೆಲಸ. ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮಾತ್ರ ಗಾಬರಿ ಬೇಡ, ಸಿಆರ್2032 ಸೆಲ್ ಬದಲಿಸಿದರೆ ಮುಗಿಯಿತು.

ಇಷ್ಟೆಲ್ಲ ಸರಿಯಾದರೂ ಒಂದು ಗೋಡೆ ಉಳಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಎಂದು ಕೊಟ್ಟ ಯೋಜನೆಯ ಮೊದಲ ಅವಧಿ 2026ರ ಅಕ್ಟೋಬರ್ 13ರವರೆಗಿನದು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, ಸೆಕ್ಯೂರ್ ಬೂಟ್, ಇಂಟೆಲ್‌ನಲ್ಲಾದರೆ ಬಹುತೇಕ ಎಂಟನೇ ಪೀಳಿಗೆ ಮತ್ತು ಮೇಲಿನ ಪ್ರೊಸೆಸರ್. ಇದು ನಾಲ್ಕನೇ ಪೀಳಿಗೆಯದು. ತಪಾಸಣೆ ತಪ್ಪಿಸಿ 11 ಹಾಕಲು ಬರುತ್ತದೆ, ಓಡುತ್ತದೆ ಕೂಡ. ಆದರೆ ಅಪ್‌ಡೇಟ್ ಸಿಗುತ್ತದೆಂಬ ಖಾತ್ರಿಯನ್ನು ಕಂಪನಿ ಕೊಡುವುದಿಲ್ಲ. ಬೇರೆಯವರ ಆಧಾರ್, ಒಟಿಪಿ, ಬ್ಯಾಂಕ್ ವಿವರ ಹಾದುಹೋಗುವ ಯಂತ್ರದಲ್ಲಿ ಅದು ತಕ್ಕುದಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮನೆಯಲ್ಲಿ ಓದು, ವಿಡಿಯೊ, ಮೇಲ್ ಅಷ್ಟೇ ಆಗಿದ್ದರೆ ಲಿನಕ್ಸ್ ಮಿಂಟ್ ಇದೇ ಯಂತ್ರದಲ್ಲಿ ಚೆನ್ನಾಗಿ ನಡೆಯುತ್ತದೆ, ಯೂನಿಕೋಡ್ ಕನ್ನಡಕ್ಕೆ ತೊಂದರೆಯಿಲ್ಲ. ಡಿಟಿಪಿ ಅಂಗಡಿಗೆ ಅದು ಹೊಂದದು. ಪೇಜ್‌ಮೇಕರ್ ಕಡತಗಳು ಹಳೆಯ ನುಡಿ ಎನ್‌ಕೋಡಿಂಗಿನಲ್ಲಿವೆ. ಪರಿವರ್ತಕಗಳಿದ್ದರೂ ಅರ್ಕಾವತ್ತು, ಒತ್ತಕ್ಷರಗಳ ಕಡೆ ಕಣ್ಣಿಟ್ಟು ತಿದ್ದಬೇಕು, ಹೊಂದಿಸಿದ ಸಾಲುಗಳೂ ಜರುಗುತ್ತವೆ.

ಹೀಗಾಗಿ ಕೆಲಸವನ್ನೇ ಎರಡಾಗಿ ಮಾಡಿದೆವು. ಹಳೆಯದಕ್ಕೆ 8 ಜಿಬಿ ರ್‍ಯಾಮ್, 240 ಜಿಬಿ ಎಸ್‌ಎಸ್‌ಡಿ, 64 ಬಿಟ್‌ನ ವಿಂಡೋಸ್ 10. ಇಂಟರ್‌ನೆಟ್ ಕೇಬಲ್ ತೆಗೆದು ಪೇಜ್‌ಮೇಕರ್, ಪ್ರಿಂಟಿಂಗಿಗೆ ಮಾತ್ರ ಮೀಸಲು. ಆನ್‌ಲೈನ್ ಕೆಲಸಕ್ಕೆ ಕಂಪನಿಗಳಿಂದ ಹೊರಬಿದ್ದು ರೀಫರ್ಬಿಶ್ ಆದ ಐ5-8500ರ ಡೆಸ್ಕ್‌ಟಾಪು. ಆರು ಕೋರು, ಅಧಿಕೃತವಾಗಿ ವಿಂಡೋಸ್ 11. 2025ರ ಕೊನೆಯ ತಿಂಗಳುಗಳಿಂದ ಡಿಡಿಆರ್4, ಡಿಡಿಆರ್5 ದರ ಜೋರಾಗಿ ಏರಿರುವಾಗ ಬಿಡಿಭಾಗ ಜೋಡಿಸಿ ಹೊಸದು ಕಟ್ಟುವುದಕ್ಕಿಂತ, ಒಳಗೆ ರ್‍ಯಾಮ್ ಇರುವ ಇಂಥದ್ದೇ ಮೇಲು. ಕೊಳ್ಳುವಾಗ ಬಯಾಸ್ ಪಾಸ್‌ವರ್ಡ್ ಇಲ್ಲವೆಂದು, ಪಿಟಿಟಿ (ಇಂಟೆಲ್ ಯಂತ್ರದೊಳಗೇ ಇರುವ ಟಿಪಿಎಂ) ಆನ್ ಆಗುತ್ತದೆಂದು, ವಿಂಡೋಸ್ ನಿಜವಾಗಿ ಆ್ಯಕ್ಟಿವೇಟ್ ಆಗಿದೆಯೆಂದು ಎದುರಿಗೇ ತೋರಿಸಿಕೊಳ್ಳಿ. ಬ್ರ್ಯಾಂಡೆಡ್ ಯಂತ್ರಗಳ ಪವರ್ ಕನೆಕ್ಟರ್ ಎಷ್ಟೋ ಸಲ 24 ಪಿನ್ನಿನದಲ್ಲ. ಊರಲ್ಲಿ ಸಿಗುವ ಎಸ್‌ಎಂಪಿಎಸ್ ಅದಕ್ಕೆ ಕೂರದು.

ಹಳೆಯ ಯಂತ್ರಕ್ಕೆ ಸುರಿಯುವ ಹಣ ಇಂಥ ರೀಫರ್ಬಿಶ್ ಯಂತ್ರದ ಬೆಲೆಯ ಮೂರನೇ ಒಂದು ಭಾಗ ದಾಟುತ್ತಿದ್ದರೆ ನಾವು ಬೇಡವೆನ್ನುತ್ತೇವೆ. ಇಲ್ಲಿ ದಾಟಲಿಲ್ಲ.

ಉಳಿದದ್ದು ಕೆಟ್ಟ ಹಾರ್ಡ್‌ಡಿಸ್ಕ್. ವರ್ಷಗಟ್ಟಲೆ ಬಂದ ಗಿರಾಕಿಗಳ ಆಧಾರ್, ಪಾಸ್‌ಬುಕ್ ಸ್ಕ್ಯಾನುಗಳು ಅದರಲ್ಲಿವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯುವುದಿಲ್ಲ. ವಿಂಡೋಸಿನದೇ ಆದ ಡಿಸ್ಕ್‌ಪಾರ್ಟ್ ಸಾಧನದಲ್ಲಿ ‘ಕ್ಲೀನ್ ಆಲ್’ ಆಜ್ಞೆ ಪ್ರತಿ ಸೆಕ್ಟರಿಗೂ ಸೊನ್ನೆ ಬರೆಯುತ್ತದೆ, 1 ಟಿಬಿಗೆ ಕೆಲವು ಗಂಟೆ ಹಿಡಿಯುತ್ತದೆ. ಡಿಸ್ಕ್ ಸಂಖ್ಯೆಯನ್ನು ಎರಡು ಸಲ ನೋಡಿಯೇ ಎಂಟರ್ ಒತ್ತಿ. ಕೆಟ್ಟ ಸೆಕ್ಟರಿನಲ್ಲಿ ಅದು ನಡುವೆಯೇ ನಿಂತರೆ ತಟ್ಟೆಗಳ ಮೂಲಕ ಡ್ರಿಲ್ ಹಾಕಿಸಿ, ಆಮೇಲೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ, ಗುಜರಿಗಲ್ಲ.